64 ಮನೆ, ಒಂದು ಕುದುರೆ, ಮುಮ್ಮಡಿ ಕೃಷ್ಣರಾಜರು

[ದೃಶ್ಯ: ಮೈಸೂರಿನ ಜಗನ್ಮೋಹನ ಅರಮನೆಯ ಮುಂಭಾಗ. ನಂತರ ಖಾಲಿ ಚದುರಂಗದ ಹಾಸು]

ನಮಸ್ಕಾರ. ಇವತ್ತಿನ ಸಂಖ್ಯೆ 64. ಚದುರಂಗದ 64 ಮನೆ ಅಂದ ತಕ್ಷಣ ಮನೆಯಿಂದ ಮನೆಗೆ ದುಪ್ಪಟ್ಟಾಗುವ ಅಕ್ಕಿ ಕಾಳಿನ ಕಥೆ ಶುರು ಮಾಡ್ತಾರೆ, ಅಲ್ವಾ? ಅದನ್ನು ನೀವು ಬೇಕಾದಷ್ಟು ಸಲ ಕೇಳಿದ್ದೀರಿ. ಬಿಡಿ.

64 ಅಂದರೆ ಎಂಟೆಂಟ್ಲ. ನಾಲ್ಕನ್ನು ಮೂರು ಸಲ ಗುಣಿಸಿದರೂ ಅದೇ ಬರುತ್ತದೆ. ಹೀಗೆ ವರ್ಗವೂ ಆಗಿ ಘನವೂ ಆಗುವ ಸಂಖ್ಯೆ 1 ಬಿಟ್ಟರೆ ಮೊದಲು ಸಿಗುವುದು ಇದೇ. ಮುಂದಿನದಕ್ಕೆ 729ರವರೆಗೆ ಕಾಯಬೇಕು.

ಅರ್ಧ ಮಾಡುತ್ತಾ ಹೋಗಿ: 32, 16, 8, 4, 2, 1. ಎಲ್ಲೂ ಭಿನ್ನರಾಶಿ ಇಲ್ಲ. ಹಳೇ ರೂಪಾಯಿಗೂ 64 ಪೈಸೆ ಇತ್ತು. ಹದಿನಾರು ಆಣೆ, ಆಣೆಗೆ ನಾಲ್ಕು ಪೈಸೆ. 1957ರ ಏಪ್ರಿಲ್ 1ಕ್ಕೆ ನೂರು ಪೈಸೆಯ ರೂಪಾಯಿ ಬಂತು. ಆಮೇಲೂ ಮಂಡ್ಯದ ಸಂತೆಯಲ್ಲಿ ಐವತ್ತು ಪೈಸೆ ಎಂಟಾಣೆಯಾಗಿಯೇ ಉಳಿಯಿತು.

ಇನ್ನು ಅರವತ್ತನಾಲ್ಕು ವಿದ್ಯೆ. ಹಳೇ ಪಟ್ಟಿಯಲ್ಲಿ ಸಂಗೀತದ ಜೊತೆ ಹೂ ಕಟ್ಟುವುದು, ಅಡುಗೆ, ಒಗಟು ಕೂಡ ಇವೆ. ನಮ್ಮ ಕಡೆ 'ಅವನು ಅರವತ್ನಾಲ್ಕು ವಿದ್ಯೆನೂ ಬಲ್ಲ' ಅಂದರೆ ಹೊಗಳಿಕೆಯೋ ಎಚ್ಚರಿಕೆಯೋ, ಹೇಳುವವರ ಮುಖ ನೋಡಬೇಕು!

[ದೃಶ್ಯ: ಹಾಸಿನ ಮೇಲೆ ಕುದುರೆ ಕಾಯಿ]

ಈಗ ನನಗೆ ಇಷ್ಟವಾದ ಭಾಗ. ಮುಮ್ಮಡಿ ಕೃಷ್ಣರಾಜ ಒಡೆಯರು. 1799ರಲ್ಲಿ ಐದು ವರ್ಷದ ಮಗುವಾಗಿ ಪಟ್ಟಕ್ಕೆ ಬಂದವರು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. ಅರಸರಿಗೆ ಆಟಗಳ ಹುಚ್ಚು ಜಾಸ್ತಿ. ಅವರ 'ಶ್ರೀತತ್ತ್ವನಿಧಿ' ಗ್ರಂಥದಲ್ಲಿ ಆಟಗಳಿಗೇ ಒಂದು ಭಾಗ ಇದೆ, ಕೌತುಕನಿಧಿ ಅಂತ.

ಅವರನ್ನು ಹಿಡಿದಿಟ್ಟ ಲೆಕ್ಕ ಇದು. ಕುದುರೆ ಎರಡು ಮನೆ ನೇರ, ಒಂದು ಮನೆ ಪಕ್ಕಕ್ಕೆ ಹಾರುತ್ತದೆ. ಹೀಗೇ ಹಾರುತ್ತಾ 64 ಮನೆಗೂ ಒಂದೊಂದೇ ಸಲ ಹೋಗಬೇಕು. ಮುಟ್ಟಿದ ಮನೆಗೆ 1, 2, 3 ಅಂತ ಅಂಕಿ ಬರೆಯಿರಿ. ಇಷ್ಟೇ ಆದರೆ ಕಷ್ಟವಿಲ್ಲ. ಪ್ರತಿ ಅಡ್ಡಸಾಲು, ಪ್ರತಿ ಉದ್ದಸಾಲಿನ ಮೊತ್ತವೂ 260 ಬರಬೇಕು!

260 ಯಾಕೆ? 1ಕ್ಕೆ 64 ಸೇರಿಸಿ, 65. 2ಕ್ಕೆ 63, ಮತ್ತೆ 65. ಇಂಥ 32 ಜೋಡಿ. ಎಂಟು ಸಾಲಿಗೆ ಹಂಚಿದರೆ ಸಾಲಿಗೆ ನಾಲ್ಕು ಜೋಡಿ, ಅಂದರೆ 260.

1848ರಲ್ಲಿ ವಿಲಿಯಂ ಬೆವರ್ಲಿ ಎಂಬ ಇಂಗ್ಲಿಷಿನವರು ಇಂಥದ್ದೊಂದನ್ನು ಪ್ರಕಟಿಸಿದರು. ಮುಂದಿನ ಎರಡು ದಶಕದೊಳಗೆ ಮೈಸೂರಿನ ಅರಸರೂ ಮಾಡಿದರು. ಕಂಪ್ಯೂಟರ್ ಇಲ್ಲ, ಕ್ಯಾಲ್ಕುಲೇಟರ್ ಇಲ್ಲ!

[ದೃಶ್ಯ: ಮೂಲೆಯಿಂದ ಮೂಲೆಗೆ ಗೆರೆ]

ಕರ್ಣಗಳೂ 260 ಆಗಬಹುದಾ? ಕುದುರೆ ಬಿಳಿ ಮನೆಯಿಂದ ಹಾರಿದರೆ ಕಪ್ಪು ಮನೆಗೇ ಬೀಳುತ್ತದೆ. ಹಾಗಾಗಿ ಬೆಸ ಅಂಕಿಗಳೆಲ್ಲ ಒಂದು ಬಣ್ಣದಲ್ಲಿ, ಸಮ ಅಂಕಿಗಳೆಲ್ಲ ಇನ್ನೊಂದರಲ್ಲಿ. ಒಂದು ಕರ್ಣದ ತುಂಬ ಬೆಸ, ಇನ್ನೊಂದರ ತುಂಬ ಸಮ. ಎಂಟು ಬೆಸ ಅಂಕಿ ಕೂಡಿದರೂ ಸಮವೇ ಬರುತ್ತದೆ, ಆದ್ದರಿಂದ ಮೇಲ್ನೋಟಕ್ಕೆ ಅಡ್ಡಿಯೇನೂ ಕಾಣುವುದಿಲ್ಲ. 2003ರಲ್ಲಿ ಕಂಪ್ಯೂಟರಿನಿಂದ ಒಂದನ್ನೂ ಬಿಡದೆ ಹುಡುಕಿಸಿದರು. ಸಾಲುಗಳು ಸರಿಹೋಗುವ ದಾರಿಗಳು, ತಿರುಗಿಸಿದ್ದು ಮಗುಚಿದ್ದು ಬಿಟ್ಟು, 140 ಸಿಕ್ಕವು. ಎರಡು ಕರ್ಣವೂ ಸರಿಹೋಗುವುದು ಒಂದೂ ಇಲ್ಲ.

260ರ ಗೊಡವೆ ಬೇಡ, ಸುಮ್ನೆ 64 ಮನೆ ಸುತ್ತಿಸುತ್ತೇನೆ ಅನ್ನುವವರಿಗೆ 1823ರಲ್ಲಿ ಜರ್ಮನಿಯ ವಾರ್ನ್ಸ್‌ಡಾರ್ಫ್ ಹೇಳಿದ ಉಪಾಯ ಇದೆ. ಮೂಲೆಯಿಂದ ಹೊರಡಿ. ಯಾವ ಮನೆಯಿಂದ ಮುಂದೆ ಹೋಗಲು ದಾರಿ ಕಡಿಮೆಯೋ, ಆ ಮನೆಗೆ ಮೊದಲು ಹಾರಿ. ಪೆನ್ಸಿಲ್‌ನಲ್ಲೇ ಬರೆಯಿರಿ, ರಬ್ಬರ್ ಪಕ್ಕದಲ್ಲಿರಲಿ.