ಡಿಸ್ಕ್ ಕೀಳುವ ಮೊದಲು

ಕೇಳುಗರಿಗೆ ನಮಸ್ಕಾರ.

ಲಿನಕ್ಸ್‌ನಲ್ಲಿ ದೊಡ್ಡದೊಂದು ವಿಡಿಯೋವನ್ನು ಪೆನ್ ಡ್ರೈವಿಗೆ ಕಾಪಿ ಮಾಡ್ತೀರಿ. ಒಮ್ಮೊಮ್ಮೆ ನಂಬಲಾರದಷ್ಟು ಬೇಗ ಮುಗಿಯುತ್ತದೆ. ನಂಬಲೂಬೇಡಿ. ಪೆನ್ ಡ್ರೈವ್ ನಿಧಾನ, ಮೆಮೊರಿ ಚುರುಕು. ಹಾಗಾಗಿ ಲಿನಕ್ಸಿನ ತಿರುಳಾದ ಕರ್ನಲ್ ಬರೆಯಬೇಕಾದ್ದನ್ನು ಮೊದಲು ಮೆಮೊರಿಯಲ್ಲಿ ಇಟ್ಟುಕೊಂಡು, ಆಮೇಲೆ ಡಿಸ್ಕಿಗೆ ಇಳಿಸುತ್ತದೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಡೇಟಾ ಹೀಗೆ ಸುಮಾರು 30 ಸೆಕೆಂಡು ಕಾಯಬಹುದು. ಬರೆದು ಮುಗಿಸೋದಕ್ಕೆ ಇನ್ನೂ ಸಮಯ ಬೇಕು. ಅಷ್ಟರೊಳಗೆ ಕಿತ್ತರೆ ಅರ್ಧ ಫೈಲು ನಿಮ್ಮದು, ಇನ್ನರ್ಧ ಗಾಳಿಪಾಲು.

ಡಿಸ್ಕಿನ ಫೈಲ್ ಸಿಸ್ಟಮನ್ನು, ಅಂದರೆ ಅದರಲ್ಲಿ ಫೈಲುಗಳನ್ನು ಜೋಡಿಸಿಟ್ಟ ವ್ಯವಸ್ಥೆಯನ್ನು, ಒಂದು ಡೈರೆಕ್ಟರಿಗೆ, ಅಂದರೆ ಫೋಲ್ಡರಿಗೆ, ಅಂಟಿಸುವ ಕಮಾಂಡ್ ಮೌಂಟ್. ಬಾಕಿ ಬರವಣಿಗೆ ಚುಕ್ತಾ ಮಾಡಿ ಬಿಡಿಸುವುದು ಯುಮೌಂಟ್. ಲಿನಕ್ಸಿಗೆ ಮಾದರಿಯಾದ ಯುನಿಕ್ಸಿನ 1971ರ ಮೊದಲ ಕೈಪಿಡಿಯಲ್ಲೇ ಇವೆರಡೂ ಇವೆ. ಮೌಂಟ್ ಮಾಡುವ ಮುಂಚೆ, ಡಿಸ್ಕುಗಳ ಪಟ್ಟಿ ತೋರಿಸುವ ಕಮಾಂಡ್ ಆದ ಎಲ್‌ಎಸ್‌ಬಿಎಲ್‌ಕೆ ಓಡಿಸಿ ಯಾವ ಡಿಸ್ಕ್ ಅಂತ ಗುರುತಿಸಿಕೊಳ್ಳಿ. ಡೈರೆಕ್ಟರಿ ಖಾಲಿ ಇರಲಿ. ಅಲ್ಲಿ ಮೊದಲೇ ಫೈಲುಗಳಿದ್ದರೆ ಮೌಂಟ್ ಆದಾಗ ಮರೆಯಾಗುತ್ತವೆ. ಅಳಿಸಿಹೋಗಿಲ್ಲ, ಗಾಬರಿಯಾಗಬೇಡಿ, ಬಿಡಿಸಿದರೆ ಮತ್ತೆ ಕಾಣುತ್ತವೆ.

ಜನ ತಾಳ್ಮೆ ಕಳೆದುಕೊಳ್ಳುವುದು ಯುಮೌಂಟ್ ಕೊಟ್ಟಾಗ ‘ಟಾರ್ಗೆಟ್ ಈಸ್ ಬ್ಯುಸಿ’ ಅಂತ ಬಂದಾಗ. ಯಾವುದೋ ಪ್ರೋಗ್ರಾಮ್ ಆ ಡಿಸ್ಕನ್ನು ಇನ್ನೂ ಹಿಡಿದುಕೊಂಡಿದೆ ಅಂತ ಅರ್ಥ. ಎಷ್ಟೋ ಸಲ ಕಳ್ಳ ಯಾರು ಗೊತ್ತಾ? ನೀವು ಕಮಾಂಡ್ ಟೈಪ್ ಮಾಡುತ್ತಾ ಕೂತಿರುವ ಟರ್ಮಿನಲ್ಲೇ! ಡೈರೆಕ್ಟರಿ ಬದಲಿಸುವ ಸಿಡಿ ಕಮಾಂಡ್ ಕೊಟ್ಟು ಅದೇ ಡೈರೆಕ್ಟರಿಯೊಳಗೆ ಹೋಗಿ, ಅಲ್ಲೇ ನಿಂತು ಬಿಡಿಸಲು ಹೊರಟಿರುತ್ತೀರಿ. ಬರೀ ಸಿಡಿ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ನಿಮ್ಮ ಹೋಮ್ ಡೈರೆಕ್ಟರಿಗೆ ಬರ್ತೀರಿ, ಈಗ ಯುಮೌಂಟ್ ಕೊಟ್ಟು ನೋಡಿ. ಇನ್ನೂ ಆಗಲಿಲ್ವಾ? ಎಫ್‌ಯೂಸರ್ ಅಥವಾ ಎಲ್‌ಎಸ್‌ಒಎಫ್ ಕಮಾಂಡನ್ನು ಕೇಳಿದರೆ ಹಿಡಿದಿರುವ ಪ್ರೋಗ್ರಾಮಿನ ನಂಬರ್ ಸಿಗುತ್ತದೆ. ಅದನ್ನು ನೆಟ್ಟಗೆ ಮುಚ್ಚಿ.

ಬ್ಯುಸಿ ಇದ್ದರೂ ಬಿಡಿಸಲು ಯುಮೌಂಟ್ ಜೊತೆ ಮೈನಸ್ ಎಲ್ ಹಾಕಿ ಎನ್ನುವ ಸಲಹೆಯೂ ಸಿಗುತ್ತದೆ. ಪೆನ್ ಡ್ರೈವ್ ವಿಷಯದಲ್ಲಿ ನನಗಂತೂ ಇದು ಹಿಡಿಸುವುದಿಲ್ಲ. ಡೈರೆಕ್ಟರಿಯಿಂದ ಡಿಸ್ಕ್ ಮಾಯವಾಗುತ್ತದೆ ನಿಜ. ಆದರೆ ಹಿಡಿದಿದ್ದ ಪ್ರೋಗ್ರಾಮ್ ಒಳಗೊಳಗೇ ಬರೆಯುತ್ತಲೇ ಇರಬಹುದು. ಯಾವಾಗ ಕೀಳಬೇಕು ಅನ್ನೋದೇ ತಿಳಿಯುವುದಿಲ್ಲ.

ಇನ್ನು, ಯುಮೌಂಟ್ ಒಂದು ನಿಮಿಷ ಸುಮ್ನೆ ನಿಂತರೆ ಕೆಟ್ಟಿತು ಅಂದುಕೊಳ್ಳಬೇಡಿ. ಬಾಕಿ ಇದ್ದದ್ದನ್ನು ಡಿಸ್ಕಿಗೆ ಇಳಿಸುತ್ತಿರುತ್ತದೆ. ಮುಂದಿನ ಕಮಾಂಡಿಗೆ ಕಾಯುವ ಗುರುತು, ಅಂದರೆ ಪ್ರಾಂಪ್ಟ್, ಮರಳಿ ಬರಲಿ, ಎರರ್ ಇಲ್ಲ ಅಂತ ನೋಡಿಕೊಂಡು ಆಮೇಲೆ ಕೀಳಿ.

ನಮಸ್ಕಾರ.