ರಿಬಲ್‌ಹೆಡ್ ಸೇತುವೆ: ಕಲ್ಲು ಉಳಿದರೆ ಸಾಲದು, ರೈಲೂ ಓಡಬೇಕು

ನಮಸ್ಕಾರ. ಇವತ್ತು ನನಗೆ ತುಂಬಾ ಇಷ್ಟವಾದ ಒಂದು ಸೇತುವೆಯ ಬಗ್ಗೆ ಮಾತಾಡುತ್ತೇನೆ. ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿರುವ ರಿಬಲ್‌ಹೆಡ್ ವಯಾಡಕ್ಟ್. ಸೇತುವೆ ಅಂದ ಕೂಡಲೇ ಕೆಳಗೆ ನದಿ ಇರಬೇಕು ಅನ್ಕೋತೀವಿ, ಅಲ್ವಾ? ಇಲ್ಲಿ ಹೇಳಿಕೊಳ್ಳುವಂಥ ನದಿ ಇಲ್ಲ. ಬ್ಯಾಟಿ ಮಾಸ್ ಅನ್ನುವ ಜೌಗು ಬಯಲು. ಕಾಲಿಟ್ಟರೆ ಹೂತುಹೋಗುವ ಆ ನೆಲದ ಮೇಲೆ ರೈಲು ದಾಟಿಸಲು 24 ಕಮಾನು ಕಟ್ಟಿದರು. ಉದ್ದ 400 ಮೀಟರ್, ಹೆಚ್ಚೆಂದರೆ 32 ಮೀಟರ್ ಎತ್ತರ. ಮೊದಲ ಕಲ್ಲು ಇಟ್ಟಿದ್ದು 1870ರಲ್ಲಿ, ವಿಕ್ಟೋರಿಯಾ ರಾಣಿಯ ಕಾಲ. ಎಂಜಿನಿಯರ್ ಜಾನ್ ಸಿಡ್ನಿ ಕ್ರಾಸ್ಲಿ.

ಫೋಟೋಗಳಲ್ಲಿ ಇದನ್ನು ಯಾವಾಗಲೂ ದೂರದಿಂದ ತೋರಿಸುತ್ತಾರೆ. ಹಿಂದೆ ವರ್ನ್‌ಸೈಡ್ ಗುಡ್ಡ, ಮುಂದೆ ಕಮಾನುಗಳ ಸಾಲು. ಚೆಂದವೇ. ಆದರೆ ಇದರ ಜಾಣತನ ಗೊತ್ತಾಗಬೇಕಾದರೆ ಕಂಬದ ಬುಡಕ್ಕೆ ಹೋಗಬೇಕು. ಒರಟಾಗಿ ಕೆತ್ತಿ ಬಿಟ್ಟ ಸುಣ್ಣದಕಲ್ಲು, ಹತ್ತಿರದಲ್ಲೇ ತೆಗೆದದ್ದು. ಕೆಲವು ಕಲ್ಲು ಎಂಟು ಟನ್ ತೂಗುತ್ತವೆ. ತಲೆ ಎತ್ತಿ ಕಮಾನಿನ ಒಳಹೊಟ್ಟೆ ನೋಡಿದರೆ ಅಲ್ಲಿ ಕಲ್ಲಿಲ್ಲ, ಇಟ್ಟಿಗೆ! ಸುಮಾರು 15 ಲಕ್ಷ ಇಟ್ಟಿಗೆ ಬಳಸಿದ್ದಾರೆ. ನಾವು ಮನೆ ತಾರಸಿಗೆ ಸೆಂಟ್ರಿಂಗ್ ಹೊಡೆಯುವ ಹಾಗೆ ಮರದ ಕಮಾನು ನಿಲ್ಲಿಸಿ, ಅದರ ಮೇಲೆ ಇಟ್ಟಿಗೆ ಜೋಡಿಸಿ, ಗಾರೆ ಗಟ್ಟಿಯಾದ ಮೇಲೆ ಮರ ಬಿಚ್ಚುವುದು. ಅಷ್ಟೇ ಉಪಾಯ.

ಈಗ ಕಂಬಗಳನ್ನು ಎಣಿಸುತ್ತಾ ನಡೆಯಿರಿ. ಆರನೆಯದು ದಪ್ಪ. ಮತ್ತೆ ಆರಕ್ಕೊಂದು ದಪ್ಪ. ಕಾರಣ ಇದೆ. ಕಮಾನು ತನ್ನ ಭಾರವನ್ನು ಕೆಳಕ್ಕೆ ಮಾತ್ರ ಇಳಿಸುವುದಿಲ್ಲ, ಪಕ್ಕಕ್ಕೂ ತಳ್ಳುತ್ತದೆ. ಅಕ್ಕಪಕ್ಕದ ಎರಡು ಕಮಾನು ಒಂದನ್ನೊಂದು ತಳ್ಳಿಕೊಂಡು ನಿಂತಿರುತ್ತವೆ. ಒಂದು ಕಂಬ ಕುಸಿದರೆ ಪಕ್ಕದ್ದಕ್ಕೆ ಆಸರೆ ತಪ್ಪಿ ಇಡೀ ಸಾಲೇ ಉರುಳಬಹುದು. ದಪ್ಪ ಕಂಬ ಆ ತಳ್ಳನ್ನು ಒಂಟಿಯಾಗಿ ತಡೆಯುತ್ತದೆ. ಹೋದರೆ ಆರು ಕಮಾನು ಹೋಗಲಿ, 24 ಹೋಗಬಾರದು. 150 ವರ್ಷದ ಹಿಂದೆ ಇಷ್ಟು ಮುಂದಾಲೋಚನೆ!

ಇದನ್ನು ಕಟ್ಟಿದ ಕೂಲಿಗಳು ಸಂಸಾರ ಸಮೇತ ಆ ಜೌಗಿನಲ್ಲೇ ಗುಡಿಸಲು ಹಾಕಿಕೊಂಡಿದ್ದರು. ಗಾಳಿ, ಮಳೆ, ಅಪಘಾತ, ಸಿಡುಬು. ಹತ್ತಿರದ ಚಾಪೆಲ್-ಲೆ-ಡೇಲ್ ಚರ್ಚಿನ ಅಂಗಳದಲ್ಲಿ ಇವರಲ್ಲಿ ಸುಮಾರು 200 ಜನರನ್ನು ಹೂಳಿದ್ದಾರೆ. ಹೆಂಗಸರು, ಮಕ್ಕಳು ಕೂಡ. ಸೇತುವೆಯ ಬೆಲೆ ಲೆಕ್ಕ ಹಾಕುವಾಗ ಇವರನ್ನು ಬಿಡಬೇಡಿ.

ಇನ್ನು ನನ್ನ ಮುಖ್ಯ ಮಾತು. 1980ರ ದಶಕದಲ್ಲಿ ಅಲ್ಲಿನ ಸರ್ಕಾರಿ ರೈಲು ಸಂಸ್ಥೆ ಬ್ರಿಟಿಷ್ ರೈಲ್, ಈ ಸೇತುವೆ ಇರುವ ಸೆಟಲ್–ಕಾರ್ಲೈಲ್ ಮಾರ್ಗವನ್ನೇ ಮುಚ್ಚಲು ಹೊರಟಿತು. ಸೇತುವೆ ಹಾಳಾಗಿದೆ, ರಿಪೇರಿಗೆ ಕೋಟಿಗಟ್ಟಲೆ ಬೇಕು ಎಂದಿತು. ಹಾಳಾಗಿದ್ದು ನಿಜ. ಹಳಿಯ ಕೆಳಗಿನಿಂದ ನೀರು ಇಳಿದು ಕಮಾನುಗಳು ಒದ್ದೆಯಾಗಿ ಹೋಗಿದ್ದವು. ಆದರೆ ಮೊದಲು ಒಂದೇ ಒಂದು ಕಮಾನನ್ನು ರಿಪೇರಿ ಮಾಡಿ ನೋಡಿದಾಗ ಖರ್ಚು ಹೇಳಿದ್ದಕ್ಕಿಂತ ಎಷ್ಟೋ ಕಡಿಮೆ ಎಂದು ಗೊತ್ತಾಯಿತು. ನನ್ನ ಸಿಟ್ಟು ಇಲ್ಲೇ. ಹಳೆಯ ಕಟ್ಟಡ ಅಂದರೆ ಸಾಕು, "ಆಗಲ್ಲ, ಜಾಸ್ತಿ ಖರ್ಚು" ಅನ್ನುವುದು ಎಷ್ಟು ಸುಲಭ! ಒಂದು ಮೂಲೆ ಬಿಚ್ಚಿ ನೋಡದೆ ಆ ಮಾತು ಹೇಳಲೇಬಾರದು.

"ರೈಲು ನಿಲ್ಲಿಸಿ, ಸೇತುವೆಯನ್ನು ಸ್ಮಾರಕವಾಗಿ ಇಟ್ಟುಕೊಂಡರಾಯಿತಲ್ಲ" ಎಂದು ಕೇಳುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ರೈಲು ಓಡುವ ಸೇತುವೆಯ ನೀರು ಸೋರಿಕೆಯನ್ನು ಯಾರಾದರೂ ನೋಡುತ್ತಲೇ ಇರಬೇಕು, ಗಾರೆ ತುಂಬುತ್ತಲೇ ಇರಬೇಕು. ಓಡಾಟ ನಿಂತರೆ ಸುಮ್ನೆ ಒಂದು ಬೋರ್ಡ್ ನೆಟ್ಟು ಮರೆತುಬಿಡುತ್ತಾರೆ. ಕಮಾನು ಕಟ್ಟಿದ್ದು ಭಾರ ಹೊರಲು. ಹೊರಲಿ ಬಿಡಿ.

ಮುಚ್ಚಬೇಡಿ ಎಂದು ಬಂದ ಆಕ್ಷೇಪಣೆಗಳು 22,000ಕ್ಕೂ ಜಾಸ್ತಿ. ಅದರಲ್ಲಿ ಒಂದು ರಸ್ಸಪ್ ಎಂಬ ನಾಯಿಯದು! ಅದಕ್ಕೂ ಟಿಕೆಟ್ ತೆಗೆಯುತ್ತಿದ್ದರು, ಹಾಗಾಗಿ ಅದೂ ಪ್ರಯಾಣಿಕನೇ. ಪಂಜದ ಗುರುತೇ ಅದರ ಸಹಿ. 1989ರ ಏಪ್ರಿಲ್‌ನಲ್ಲಿ ಸರ್ಕಾರ ಮುಚ್ಚುವ ಪ್ರಸ್ತಾವವನ್ನು ತಿರಸ್ಕರಿಸಿತು. ಇದೇ ಮಾರ್ಗದ ಗಾರ್ಸ್‌ಡೇಲ್ ಸ್ಟೇಷನ್ನಿನಲ್ಲಿ ಇವತ್ತು ರಸ್ಸಪ್‌ನ ಕಂಚಿನ ಮೂರ್ತಿ ಇದೆ.

ಆ ಕಡೆ ಹೋಗುವವರಿಗೆ ಒಂದು ಮಾತು. ಕಾರಿನಲ್ಲಿ ಹೋಗಿ ಫೋಟೋ ತೆಗೆದು ವಾಪಸ್ ಬರಬೇಡಿ. ಲೀಡ್ಸ್‌ನಿಂದ ರೈಲು ಹತ್ತಿ, ರಿಬಲ್‌ಹೆಡ್‌ನಲ್ಲಿ ಇಳಿದು, ಕಂಬಗಳ ಬುಡದವರೆಗೆ ನಡೆದು ಹೋಗಿ. ಮುಂದಿನ ರೈಲಿನಲ್ಲಿ ಸೇತುವೆ ದಾಟಿ ಗಾರ್ಸ್‌ಡೇಲ್‌ಗೆ ಹೋಗಿ. ಟಿಕೆಟ್ ತಗೊಂಡೇ ಹೋಗಿ, ರಸ್ಸಪ್ ಹೋದ ಹಾಗೆ.