ಟ್ರ್ಯಾಕ್ಟರ್ ಕಂಪನಿಯ ಫ್ರಿಡ್ಜು: ಪ್ಲಗ್ ಹಾಕೋ ಮುಂಚೆ ನೋಡಬೇಕಾದ್ದು

ಹಳೇ ಫ್ರಿಡ್ಜಿನ ಮೇಲಿರೋ ಈ ಲಾಂಛನವನ್ನ ಸ್ವಲ್ಪ ಹತ್ತಿರದಿಂದ ನೋಡಿ. ಕಪ್ಪು ಬಣ್ಣದ ದೊಡ್ಡ ಎಚ್, ಅದರ ನಡುವೆ ಕೆಂಪು ಬಣ್ಣದ ಸಣ್ಣ ಐ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಅನ್ನೋ ಟ್ರ್ಯಾಕ್ಟರ್ ಕಂಪನಿಯದು. ವಿನ್ಯಾಸಕಾರ ರೇಮಂಡ್ ಲೋವಿ ಬಿಡಿಸಿದ ಗುರುತು ಇದು. ಎದುರಿಗೆ ಬರ್ತಾ ಇರೋ ಟ್ರ್ಯಾಕ್ಟರು, ಅದರ ಮೇಲೆ ಕೂತಿರೋ ರೈತ, ಎರಡೂ ಈ ಎರಡು ಅಕ್ಷರದಲ್ಲೇ ಕಾಣುತ್ತೆ. ಹೊಲದಲ್ಲಿ ಓಡಾಡೋ ಯಂತ್ರಕ್ಕೆ ಹಾಕೋ ಈ ಗುರುತು ಅಡುಗೆಮನೆಗೂ ಬಂತು. 1947ರಿಂದ 1955ರವರೆಗೆ ಈ ಕಂಪನಿ ಮನೆಬಳಕೆಯ ಫ್ರಿಡ್ಜ್ ಮಾಡ್ತಿತ್ತು. ಅಮೆರಿಕದ ಇಂಡಿಯಾನಾ ರಾಜ್ಯದ ಎವನ್ಸ್‌ವಿಲ್‌ನಲ್ಲಿ ಕಾರ್ಖಾನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅದೇ ಕಟ್ಟಡದಲ್ಲಿ ಪಿ-47 ಥಂಡರ್‌ಬೋಲ್ಟ್ ಯುದ್ಧವಿಮಾನ ತಯಾರಾಗ್ತಿತ್ತು.

ಟ್ರ್ಯಾಕ್ಟರ್ ಮಾಡೋರಿಗೆ ಫ್ರಿಡ್ಜ್ ಯಾಕೆ ಅನ್ನೋ ಪ್ರಶ್ನೆ ಸಹಜ. ಉತ್ತರ ಇರೋದು ಹಾಲಲ್ಲಿ. ಹೈನುಗಾರಿಕೆ ಮಾಡೋ ರೈತರಿಗೆ ಈ ಕಂಪನಿ ಮೊದಲಿಂದ್ಲೂ ಕೆನೆ ತೆಗೆಯೋ ಯಂತ್ರ, ಹಾಲು ತಣ್ಣಗಿಡೋ ಕೂಲರ್ ಮಾರ್ತಿತ್ತು. ತಂಪು ಮಾಡೋ ವಿದ್ಯೆ ಕೈಯಲ್ಲಿತ್ತು, ಊರೂರಿಗೂ ಡೀಲರ್ ಇದ್ದರು, ತಗಡು ಒತ್ತೋ ಪ್ರೆಸ್ ಇತ್ತು. ಜಾಹೀರಾತಿಗೆ ಇರ್ಮಾ ಹಾರ್ಡಿಂಗ್ ಅನ್ನೋ ಗೃಹಿಣಿಯನ್ನ ಕಲ್ಪಿಸಿಕೊಂಡರು. ಆಕೆಯ ಇನಿಷಿಯಲ್ ಕೂಡ ಐ ಎಚ್.

ಇದೊಂದೇ ಕಂಪನಿ ಅಲ್ಲ. ಕಾರು ಮಾಡೋ ಜನರಲ್ ಮೋಟಾರ್ಸ್ 1919ರಿಂದ 1979ರವರೆಗೆ, ಅರವತ್ತು ವರ್ಷ, ಫ್ರಿಜಿಡೇರ್ ಅನ್ನೋ ಫ್ರಿಡ್ಜ್ ಮಾಡ್ತು. ನಮ್ಮ ಮನೆಗಳಲ್ಲಿ ಚೆನ್ನಾಗಿ ಗೊತ್ತಿರೋ ಕೆಲ್ವಿನೇಟರ್ ಹೆಸರು 1937ರಲ್ಲಿ ನ್ಯಾಶ್ ಕಾರ್ ಕಂಪನಿ ಜೊತೆ ಸೇರ್ಕೊಂಡಿತ್ತು. ಚಾರ್ಲ್ಸ್ ನ್ಯಾಶ್ ಅವರಿಗೆ ತಮ್ಮ ಕಂಪನಿ ನಡೆಸೋಕೆ ಜಾರ್ಜ್ ಮೇಸನ್ ಬೇಕಾಗಿತ್ತು, ಮೇಸನ್ ಆಗ ಕೆಲ್ವಿನೇಟರ್ ಮುಖ್ಯಸ್ಥ. ಹಾಗಾಗಿ ಮನುಷ್ಯನ ಜೊತೆ ಫ್ರಿಡ್ಜೂ ಬಂತು. ಫೋರ್ಡ್ 1961ರಲ್ಲಿ ಫ್ರಿಡ್ಜ್ ಮಾಡ್ತಿದ್ದ ಫಿಲ್ಕೋ ಕಂಪನಿಯನ್ನ ಕೊಂಡುಕೊಳ್ತು. ನಮ್ಮ ಪಕ್ಕದ ಹೈದರಾಬಾದಿನ ಆಲ್ವಿನ್ ಕೂಡ ಇದೇ ಜಾತಿ. ಬಸ್ಸಿನ ಬಾಡಿ ಕಟ್ಟಿದ ಕಂಪನಿಯೇ ಫ್ರಿಡ್ಜನ್ನೂ ಮಾಡ್ತು.

ಇವನ್ನ ರಿಪೇರಿ ಮಾಡೋವಾಗ ಈ ಹಿನ್ನೆಲೆ ನಿಜಕ್ಕೂ ಉಪಯೋಗಕ್ಕೆ ಬರುತ್ತೆ. ಇದನ್ನ ಫ್ರಿಡ್ಜ್ ಅಂತ ನೋಡ್ಬೇಡಿ, ಶೆಡ್ಡಲ್ಲಿ ಎಪ್ಪತ್ತು ವರ್ಷ ನಿಂತಿದ್ದ ಹಳೇ ಗಾಡಿ ಅಂತ ನೋಡಿ. ಅಂಥ ಗಾಡಿಯಲ್ಲಿ ಮೊದಲು ಕೈಕೊಡೋದು ರಬ್ಬರು, ಆಮೇಲೆ ವೈರು, ಆಮೇಲೆ ತಗಡು. ಎಂಜಿನ್ ಕೊನೆಗೆ. ಇಲ್ಲೂ ಅಷ್ಟೇ. ಸೀಲಾಗಿರೋ ಕಂಪ್ರೆಸರ್ ಎಣ್ಣೆಯಲ್ಲಿ ಮುಳುಗಿರುತ್ತೆ, ಗಾಳಿ ಸೋಕಿರಲ್ಲ. ಎಷ್ಟೋ ಸಲ ಅದು ಸರಿಯಾಗೇ ಇರುತ್ತೆ. ಅದನ್ನ ಹಾಳು ಮಾಡೋದು, ತಂದ ದಿನವೇ ಅವಸರದಲ್ಲಿ ಪ್ಲಗ್ ಚುಚ್ಚೋದು.

ಮೊದಲು ನೇಮ್‌ಪ್ಲೇಟ್ ಹುಡುಕಿ. ಒಳಗೆ, ಬಾಗಿಲ ಚೌಕಟ್ಟಿನ ಬದಿಗೆ, ಇಲ್ಲಾಂದ್ರೆ ಕೆಳಗೆ ಕಂಪ್ರೆಸರ್ ಹತ್ತಿರ ಇರುತ್ತೆ. ವೋಲ್ಟೇಜ್, ಆಂಪಿಯರ್, ಯಾವ ಗ್ಯಾಸ್, ಎಷ್ಟು ಔನ್ಸ್ ಅಂತ ಬರೆದಿರುತ್ತೆ. ಒಂದು ಔನ್ಸ್ ಅಂದ್ರೆ ಸುಮಾರು 28 ಗ್ರಾಂ. ಫೋಟೋ ತೆಗೆದಿಟ್ಟುಕೊಳ್ಳಿ, ಯಾಕಂದ್ರೆ ಒರೆಸುವಾಗ ಅಕ್ಷರ ಅಳಿಸಿಹೋಗೋ ಸಾಧ್ಯತೆ ಇದೆ.

ಯಾವ ಗ್ಯಾಸ್ ಅನ್ನೋದು ಸಣ್ಣ ವಿಷಯ ಅಲ್ಲ. ಮಹಾಯುದ್ಧಕ್ಕೆ ಮುಂಚಿನ ಕೆಲವು ಯಂತ್ರಗಳಲ್ಲಿ ಸಲ್ಫರ್ ಡೈಆಕ್ಸೈಡ್ ಇರುತ್ತೆ. ಬೆಂಕಿಕಡ್ಡಿ ಗೀರಿದಾಗ ಮೂಗಿಗೆ ಬಡಿಯೋ ವಾಸನೆಯ ನೂರುಪಟ್ಟು ಅಂದ್ಕೊಳ್ಳಿ. ಮುಚ್ಚಿದ ಕೋಣೆಯಲ್ಲಿ ಸೋರಿದರೆ ಉಸಿರು ಕಟ್ಟುತ್ತೆ. ಅಂಥದ್ದನ್ನ ಮನೆಯೊಳಗೆ ಬಿಚ್ಚಲೇಬೇಡಿ. ಈ ಅಪಾಯಕ್ಕೆ ಪರ್ಯಾಯ ಹುಡುಕಿದ್ದೂ ಕಾರ್ ಕಂಪನಿಯೇ. ಜನರಲ್ ಮೋಟಾರ್ಸ್‌ನ ಥಾಮಸ್ ಮಿಜ್ಲಿ ಮತ್ತು ಅವರ ಜೊತೆಗಾರರು ಫ್ರಿಯಾನ್ ಕಂಡುಹಿಡಿದರು. 1930ರಲ್ಲಿ ಮಿಜ್ಲಿ ಆ ಅನಿಲವನ್ನ ತಾವೇ ಉಸಿರಾಡಿ, ಮೇಣದಬತ್ತಿ ಮೇಲೆ ಊದಿ ಆರಿಸಿ ತೋರಿಸಿದರು. ವಿಷ ಅಲ್ಲ, ಬೆಂಕಿ ಹತ್ತಲ್ಲ, ಎರಡೂ ಒಂದೇ ಉಸಿರಲ್ಲಿ ಸಾಬೀತು. ಅದು ಓಜೋನ್ ಪದರವನ್ನ ತಿನ್ನುತ್ತೆ ಅನ್ನೋದು ಗೊತ್ತಾಗೋಕೆ ಇನ್ನೂ ನಾಲ್ಕು ದಶಕ ಬೇಕಾಯ್ತು.

ಫ್ರಿಜಿಡೇರ್‌ನ ಮೀಟರ್-ಮೈಸರ್ ರೋಟರಿ ಕಂಪ್ರೆಸರ್ ನಿಮಗೆ ಸಿಕ್ಕಿದ್ರೆ, 1930ರ ದಶಕದ್ದಾದ್ರೆ, ಒಳಗೆ ಆರ್-114 ಅನ್ನೋ ಫ್ರಿಯಾನ್ ಜಾತಿಯ ಗ್ಯಾಸ್ ಇರೋ ಸಾಧ್ಯತೆ ಹೆಚ್ಚು. ಇದು ಕುದಿಯೋದು ಸುಮಾರು 3.6 ಡಿಗ್ರಿಯಲ್ಲಿ. ಅದೇ ಜಾತಿಯ ಇನ್ನೊಂದು ಗ್ಯಾಸ್ ಆರ್-12 ಕುದಿಯೋದು ಮೈನಸ್ 29.8ರಲ್ಲಿ. ಈ ವ್ಯತ್ಯಾಸ ಅರ್ಥ ಮಾಡ್ಕೊಳ್ಳಿ. ಆರ್-114 ತುಂಬಿರೋ ಯಂತ್ರ ಓಡುವಾಗ ಫ್ರೀಜರ್ ಕಡೆಯ ಪೈಪಿನಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಅಲ್ಲಿ ತೂತು ಬಿದ್ರೆ ಗ್ಯಾಸ್ ಹೊರಗೆ ಹೋಗಲ್ಲ, ತೇವದ ಗಾಳಿ ಒಳಗೆ ಬರುತ್ತೆ. ಸೋಪಿನ ನೊರೆ ಹಚ್ಚಿದ್ರೆ ಗುಳ್ಳೆ ಏಳಲ್ಲ, ಸೋರಿಕೆ ಇಲ್ಲ ಅಂತ ಮೋಸ ಹೋಗ್ತೀರಿ. ‘ಗ್ಯಾಸ್ ಹೋಗಿದೆ, ತುಂಬಿಕೊಡ್ತೀನಿ’ ಅಂತ ಯಾರಾದ್ರೂ ಇದಕ್ಕೆ ಈಚಿನ ಕಾಲದ ಆರ್-134ಎ ಗ್ಯಾಸ್ ತುಂಬಿದ್ರೆ ಕಥೆ ಮುಗೀತು. ಈ ಕಂಪ್ರೆಸರ್ ಆ ಒತ್ತಡಕ್ಕೆ ಮಾಡಿದ್ದೇ ಅಲ್ಲ. ಜೊತೆಗೆ, ಹಳೇ ಮಿನರಲ್ ಆಯಿಲ್ 134ಎ ಜೊತೆ ಬೆರೆಯಲ್ಲ. ಪೈಪಿಗೆ ಹೋದ ಎಣ್ಣೆ ವಾಪಸ್ ಕಂಪ್ರೆಸರಿಗೆ ಬರಲ್ಲ, ಒಣಗಿ ಜಾಮ್ ಆಗುತ್ತೆ.

ಆದ್ದರಿಂದ ಒಂದು ನಿಯಮ ಹಾಕಿಕೊಳ್ಳಿ: ತಂಪಾಗ್ತಾ ಇರೋ ಹಳೇ ಫ್ರಿಡ್ಜಿಗೆ ಒತ್ತಡ ಅಳೆಯೋ ಗೇಜ್ ಸಿಕ್ಕಿಸಬಾರದು. ಪೈಪ್ ಚುಚ್ಚಿ ವಾಲ್ವ್ ಕೂರಿಸೋದು ಬೇಡವೇ ಬೇಡ. ಒಳಗಿರೋದೇ ಕೆಲವು ಔನ್ಸ್. ಗೇಜಿನ ಹೋಸ್ ತುಂಬೋಕೆ ಹೋಗೋ ಗ್ಯಾಸೇ ಅಳತೆ ತಪ್ಪಿಸುತ್ತೆ.

ಈಗ ವೈರಿಂಗ್. ರಬ್ಬರಿನ ಮೇಲೆ ಬಟ್ಟೆ ಸುತ್ತಿದ ವೈರು ಇದು. ಮೇಲ್ನೋಟಕ್ಕೆ ಚೆನ್ನಾಗೇ ಇದೆ. ಈಗ ಮೆಲ್ಲಗೆ ಬಾಗಿಸಿದಾಗ ಕೇಳಿಸ್ಕೊಳ್ಳಿ, ಚಟಚಟ ಅಂತ ಸದ್ದು. ಬಟ್ಟೆಯೊಳಗಿನ ರಬ್ಬರ್ ಬಿಸ್ಕತ್ತಿನ ಥರ ಪುಡಿಯಾಗ್ತಾ ಇದೆ. ಇದರ ಮೂಲಕ ಕರೆಂಟ್ ಹರಿದ್ರೆ ಇಡೀ ತಗಡಿಗೇ ಕರೆಂಟ್ ಬರುತ್ತೆ. ಮೂಲ ವೈರಿನಲ್ಲಿ ಅರ್ಥಿಂಗ್ ಕೂಡ ಇಲ್ಲ, ಎರಡೇ ಪಿನ್. ಪೂರ್ತಿ ತೆಗೆದು 1.5 ಚದರ ಮಿ.ಮೀ.ನ ಮೂರು ಎಳೆ ವೈರ್ ಹಾಕಿ. ಹಸಿರು ಎಳೆಯನ್ನ ಕಂಪ್ರೆಸರ್ ಕೂತಿರೋ ಚೌಕಟ್ಟಿಗೆ ಬಿಗಿಯಬೇಕು. ಬಿಗಿಯೋ ಜಾಗದಲ್ಲಿ ಪೇಂಟ್ ಕೆರೆದು ಹೊಳೆಯೋ ಲೋಹ ಕಾಣಬೇಕು, ಸ್ಟಾರ್ ವಾಷರ್ ಹಾಕಬೇಕು. ಆಮೇಲೆ ಪ್ಲಗ್ಗಿನ ಅರ್ಥ್ ಪಿನ್ನಿಂದ ಬಾಗಿಲ ಹಿಡಿಕೆವರೆಗೆ ಮಲ್ಟಿಮೀಟರ್ ಇಟ್ಟು ನೋಡಿ. ಒಂದು ಓಮಿಗಿಂತ ಕಡಿಮೆ ಬರಬೇಕು. ಹಿಂಜ್ ತುಕ್ಕು ಹಿಡಿದಿದ್ರೆ ಬಾಗಿಲಿಗೆ ಅರ್ಥ್ ತಲುಪಿರಲ್ಲ. ನಾವು ಮುಟ್ಟೋದು ಬಾಗಿಲನ್ನೇ ತಾನೆ.

ಕಂಪ್ರೆಸರಿನ ಮೂರು ಪಿನ್ ಇಲ್ಲಿದೆ. ರಿಲೇ (ಮೋಟಾರ್ ಸ್ಟಾರ್ಟ್ ಮಾಡಿಸೋ ಸ್ವಿಚ್ಚು) ಬಿಚ್ಚಿ, ಎರಡೆರಡು ಪಿನ್ ನಡುವೆ ಓಮ್ ಅಳೆಯಿರಿ. ಅತಿ ಹೆಚ್ಚು ಬಂದ ಜೋಡಿ ಸ್ಟಾರ್ಟ್ ಮತ್ತು ರನ್, ಉಳಿದ ಪಿನ್ ಕಾಮನ್. ಕಾಮನ್‌ನಿಂದ ಕಡಿಮೆ ಬರೋದು ರನ್, ಜಾಸ್ತಿ ಬರೋದು ಸ್ಟಾರ್ಟ್. ಉದಾಹರಣೆಗೆ 2, 8, 10. ಸಣ್ಣ ಎರಡನ್ನ ಕೂಡಿದ್ರೆ ದೊಡ್ಡದಕ್ಕೆ ಸಮ ಆಗಬೇಕು. ಲೆಕ್ಕ ತಾಳೆ ಆಗದಿದ್ರೆ ವೈಂಡಿಂಗ್, ಅಂದ್ರೆ ಮೋಟಾರಿನ ತಂತಿ ಸುರುಳಿಯಲ್ಲಿ, ದೋಷ ಇರಬಹುದು. ಆಮೇಲೆ ಪ್ರತಿ ಪಿನ್ನಿಂದ ಬಾಡಿಗೆ ನೋಡಿ, ಮೀಟರ್ ಅಲುಗಬಾರದು. 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸೋ ಮೀಟರ್) ಸಿಕ್ಕಿದ್ರೆ ಇನ್ನೂ ಒಳ್ಳೇದು.

ರಿಲೇ ವಾಪಸ್ ಹಾಕುವಾಗ ಒಂದು ಮಾತು. ಕರೆಂಟ್ ರಿಲೇ ಆದ್ರೆ ಅದರ ಮೇಲ್ಭಾಗ ಮೇಲೇ ಇರಬೇಕು. ಒಳಗಿರೋ ಸಣ್ಣ ತೂಕ ಗುರುತ್ವದಿಂದ ಕೆಳಗೆ ಬಿದ್ದಾಗ ಸ್ಟಾರ್ಟ್ ವೈಂಡಿಂಗ್ ಕಡಿತ ಆಗುತ್ತೆ. ತಲೆಕೆಳಗಾಗಿ ಹಾಕಿದ್ರೆ ಸಂಪರ್ಕ ಬಿಡೋದೇ ಇಲ್ಲ, ಕ್ಷಣಮಾತ್ರ ಕೆಲಸ ಮಾಡಬೇಕಾದ ವೈಂಡಿಂಗು ಸುಟ್ಟುಹೋಗುತ್ತೆ. ಅಷ್ಟು ವರ್ಷ ಬಾಳಿದ ಎಂಜಿನ್ ಇಷ್ಟಕ್ಕೆ ಹೋದ್ರೆ ಹೊಟ್ಟೆ ಉರಿಯುತ್ತೆ.

ಮಿಷಿಗನ್, ಓಹಿಯೊ, ಇಂಡಿಯಾನಾ ಕಡೆ ಇರೋ ಕನ್ನಡಿಗರಿಗೆ ಕರೆಂಟಿನ ತೊಂದರೆ ಇಲ್ಲ. ಊರಿಗೆ ತರಿಸ್ಕೊಂಡ್ರೆ ಇದೆ. ಅಲ್ಲಿ 115 ವೋಲ್ಟ್, 60 ಹರ್ಟ್ಸ್. ಇಲ್ಲಿ 230 ವೋಲ್ಟ್, 50 ಹರ್ಟ್ಸ್. 110ಕ್ಕೆ ಇಳಿಸೋ ಟ್ರಾನ್ಸ್‌ಫಾರ್ಮರ್ ಹಾಕಿದ್ರೆ ಸಾಕು ಅಂತ ಎಲ್ಲರೂ ಹೇಳ್ತಾರೆ. ಸಾಲದು. ಟ್ರಾನ್ಸ್‌ಫಾರ್ಮರ್ ಹರ್ಟ್ಸ್ ಬದಲಾಯಿಸಲ್ಲ. ಹರ್ಟ್ಸ್ ಕಡಿಮೆಯಾದಾಗ ಅದೇ ಅನುಪಾತದಲ್ಲಿ ವೋಲ್ಟೇಜೂ ಇಳೀಬೇಕು: 115ನ್ನ 50ರಿಂದ ಗುಣಿಸಿ 60ರಿಂದ ಭಾಗಿಸಿ, ಸುಮಾರು 96. ಇಳಿಸದಿದ್ರೆ ಮೋಟಾರಿನ ಕಬ್ಬಿಣ ಹೆಚ್ಚು ಕಾಂತ ಹೀರಿ ಬಿಸಿಯಾಗುತ್ತೆ. 95ರಿಂದ 100 ವೋಲ್ಟ್ ಕೊಡೋ ತುದಿ (ಟ್ಯಾಪ್) ಇರೋ ಟ್ರಾನ್ಸ್‌ಫಾರ್ಮರ್ ಕಟ್ಟಿಸಿ. ಸ್ಟಾರ್ಟ್ ಆಗೋ ಕ್ಷಣದಲ್ಲಿ ಓಡುವಾಗಿನ ಹಲವು ಪಟ್ಟು ಆಂಪಿಯರ್ ಎಳೆಯೋದರಿಂದ 1.5 ಕೆವಿಎಗಿಂತ ಚಿಕ್ಕದು ಬೇಡ. ಮೋಟಾರ್ ಆರರಲ್ಲಿ ಐದು ಭಾಗದಷ್ಟು ವೇಗದಲ್ಲಿ ಓಡುತ್ತೆ, ತಂಪೂ ಅಷ್ಟೇ ಕಮ್ಮಿ. ಹಾಗಾಗಿ ಹಿಂದೆ ಗಾಳಿಯಾಡೋಕೆ ಒಂದು ಗೇಣು ಜಾಗ ಬಿಡಿ.

ಬಾಡಿ ಕೆಲಸ ಪೂರ್ತಿ ಕಾರಿನ ಗ್ಯಾರೇಜಿನದ್ದೇ. ನಮ್ಮ ಪೇಂಟರುಗಳು ಬೀರುವಿಗೂ ಬಾಗಿಲಿಗೂ ‘ಡ್ಯೂಕೋ ಹೊಡೀಬೇಕಾ’ ಅಂತ ಕೇಳ್ತಾರಲ್ಲ, ಆ ಡ್ಯೂಕೋ ಡ್ಯುಪಾಂಟ್ ಕಂಪನಿಯ ಲ್ಯಾಕರ್. ಜನರಲ್ ಮೋಟಾರ್ಸ್ ಅದನ್ನ 1923ರಲ್ಲಿ ಓಕ್ಲಂಡ್ ಕಾರಿಗೆ ಹಾಕಿ ಹೆಸರು ತಂದುಕೊಡ್ತು. ಹಳೇ ಬಣ್ಣ ಹಳದಿಯಾಗಿದ್ರೆ ಕೆರೆಯೋಕೆ ಹೋಗ್ಬೇಡಿ, ಮೊದಲು ರಬ್ಬಿಂಗ್ ಕಾಂಪೌಂಡ್ ಹಚ್ಚಿ ನೋಡಿ. ಮೇಲಿನ ಪದರ ಹೋಗಿ ಅಡಿಯಿಂದ ಮೂಲ ಬಿಳಿ ಎದ್ದು ಬರುತ್ತೆ. ಉಜ್ಜಲೇಬೇಕಾದ್ರೆ ನೀರು ಹಾಕ್ಕೊಂಡು ವಾಟರ್ ಪೇಪರಿನಲ್ಲಿ ಉಜ್ಜಿ, ಮಾಸ್ಕ್ ಹಾಕಿ. ಆ ಕಾಲದ ಬಣ್ಣದಲ್ಲಿ ಸೀಸ ಇರಬಹುದು. ಬಾಗಿಲಿನ ಕೆಳ ಅಂಚನ್ನ ಬೆರಳಿಂದ ಒತ್ತಿ. ಮೆತ್ತಗಿದ್ರೆ ಒಳಗಿನ ಹತ್ತಿಯಂಥ ಇನ್ಸುಲೇಷನ್ ನೀರು ಕುಡಿದಿದೆ. ಬಾಗಿಲ ಒಳಫಲಕ ಬಿಚ್ಚಿ ಒಣಗಿಸದೆ ಪೇಂಟ್ ಮಾಡಿದ್ರೆ ಒಂದು ಮಳೆಗಾಲದಲ್ಲೇ ತುಕ್ಕು ಉಬ್ಬಿ ಬರುತ್ತೆ.

ಬಾಗಿಲ ಗ್ಯಾಸ್ಕೆಟ್, ಅಂದ್ರೆ ಅಂಚಿನ ರಬ್ಬರ್ ಪಟ್ಟಿ, ಪರೀಕ್ಷಿಸೋಕೆ ಹತ್ತು ರೂಪಾಯಿ ನೋಟು ಸಾಕು. ನೋಟನ್ನ ಅಂಚಲ್ಲಿಟ್ಟು ಬಾಗಿಲು ಹಾಕಿ, ಎಳೀರಿ. ಗೇಣಿಗೊಂದು ಕಡೆ ಹೀಗೇ ನೋಡ್ತಾ ಹೋಗಿ. ಸರಾಗವಾಗಿ ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಈ ಕಾಲದ ಗ್ಯಾಸ್ಕೆಟ್ಟಲ್ಲಿ ಅಯಸ್ಕಾಂತ ಇಲ್ಲ, ಬಾಗಿಲನ್ನ ಬಿಗಿ ಹಿಡಿಯೋದು ಲಾಚ್, ಅಂದ್ರೆ ಚಿಲಕ. ಹೊಸದು ಹಾಕುವಾಗ ದಪ್ಪ ಜಾಸ್ತಿಯಾದ್ರೆ ಹಿಂಜ್ ಬಾಗುತ್ತೆ, ಕಡಿಮೆಯಾದ್ರೆ ಗಾಳಿ ನುಗ್ಗುತ್ತೆ.

ಆ ಲಾಚ್ ಬಗ್ಗೆ ಗಂಭೀರವಾಗಿ ಹೇಳಬೇಕು. ಇದನ್ನ ಒಳಗಿನಿಂದ ತೆಗೆಯೋಕೆ ಆಗಲ್ಲ. ಕಣ್ಣಾಮುಚ್ಚಾಲೆ ಆಡ್ತಾ ಒಳಗೆ ಸೇರ್ಕೊಂಡ ಮಕ್ಕಳು ಉಸಿರುಗಟ್ಟಿ ಸತ್ತಿದ್ದಾರೆ. ಅದಕ್ಕೇ ಅಮೆರಿಕ 1956ರಲ್ಲಿ ಕಾನೂನು ಮಾಡ್ತು, 1958ರ ಅಕ್ಟೋಬರ್ ಕೊನೆಯಿಂದ ತಯಾರಾಗೋ ಪ್ರತಿ ಫ್ರಿಡ್ಜೂ ಒಳಗಿನಿಂದ ತಳ್ಳಿದ್ರೆ ತೆರೀಬೇಕು ಅಂತ. ನಿಮ್ಮ ಫ್ರಿಡ್ಜ್ ಅದಕ್ಕೂ ಹಿಂದಿನದ್ದಾದ್ರೆ, ಕೆಲಸ ಮುಗಿಯೋವರೆಗೆ ಬಾಗಿಲನ್ನೇ ಕಳಚಿ ಬೇರೆ ಇಡಿ. ಬರೀ ನೋಡೋಕೆ ಇಡೋದಾದ್ರೆ ಲಾಚಿನ ನಾಲಿಗೆ ತೆಗೆದುಬಿಡಿ. ಬಳಸೋದಾದ್ರೆ ಮಕ್ಕಳ ಕೈಗೆ ಎಟುಕದ ಎತ್ತರಕ್ಕೆ ಹೊರಗಿನಿಂದ ಬೀಗ ಇರಲಿ.

ಎಲ್ಲ ಆಯ್ತು. ಸಾಗಿಸಿ ತಂದಿದ್ರೆ ನೆಟ್ಟಗೆ ನಿಲ್ಲಿಸಿ ಒಂದು ದಿನ ಬಿಡಿ, ಪೈಪಿಗೆ ಹೋಗಿರೋ ಎಣ್ಣೆ ಕೆಳಗಿಳೀಲಿ. ಈಗ ಪ್ಲಗ್ ಹಾಕಿ, ಕ್ಲ್ಯಾಂಪ್ ಮೀಟರಿನಲ್ಲಿ ಆಂಪಿಯರ್ ನೋಡಿ, ನೇಮ್‌ಪ್ಲೇಟಿಗೆ ಹೋಲಿಸಿ. ಒಂದು ಗಂಟೆ ಬಿಟ್ಟು ಫ್ರೀಜರ್ ಪೆಟ್ಟಿಗೆ ಹೇಗಿದೆ ನೋಡಿ. ಎಲ್ಲ ಬದಿಗೂ ತೆಳುವಾಗಿ, ಒಂದೇ ಸಮ ಬಿಳಿ ಕೂತಿದ್ರೆ ಗ್ಯಾಸ್ ಸರಿಯಾಗಿದೆ. ಪೈಪ್ ಒಳಬರೋ ಮೂಲೆಯಲ್ಲಿ ಮಾತ್ರ ಬಿಳಿ, ಉಳಿದದ್ದು ಒದ್ದೆ ಅಂದ್ರೆ ಗ್ಯಾಸ್ ಕಮ್ಮಿ. ನಡುವಿನ ತಟ್ಟೆಯಲ್ಲಿ ಒಂದು ಲೋಟ ನೀರಿಟ್ಟು, ಅದರಲ್ಲಿ ಥರ್ಮಾಮೀಟರ್ ಮುಳುಗಿಸಿ. ಮಾರನೇ ದಿನ 3ರಿಂದ 5 ಡಿಗ್ರಿ ತೋರಿಸಬೇಕು, ಕಂಪ್ರೆಸರ್ ನಡುನಡುವೆ ನಿಂತು ಓಡ್ತಿರಬೇಕು.

ಇದರಲ್ಲಿ ಹಿಮ ತಾನಾಗೇ ಕರಗಲ್ಲ. ಅರ್ಧ ಬೆರಳು ದಪ್ಪ ಆದ ಕೂಡಲೇ ಆಫ್ ಮಾಡಿ, ಫ್ರೀಜರ್ ಒಳಗೆ ಒಂದು ಬಟ್ಟಲು ಬಿಸಿನೀರಿಟ್ಟು ಕಾಯಿರಿ. ಚಾಕು, ಸ್ಕ್ರೂಡ್ರೈವರ್ ಹತ್ತಿರವೂ ತರಬೇಡಿ. ಆ ತಗಡಿನ ಹಿಂದೆಯೇ ಗ್ಯಾಸಿನ ಹಾದಿ ಇದೆ.